ಕೀ ತಿರುಗಿಸಿದ್ರಾ ಸಾರ್?

ಜರಗನಹಳ್ಳಿಯ ಆ ಮೆಕ್ಯಾನಿಕ್ ನೀರಲ್ಲಿ ಮುಳುಗಿದ ಕಾರನ್ನು ಮೊದಲು ಮೂಸಿ ನೋಡುತ್ತಿದ್ದರು. ಬಾಗಿಲು ತೆಗೆದು, ತಲೆ ಒಳಗೆ ಹಾಕಿ, ಕಣ್ಣು ಮುಚ್ಚಿಕೊಂಡು, ಹೊಕ್ಕಿದ್ದು ಮಳೆ ನೀರೋ ಮೋರಿ ನೀರೋ ಎಂದು ವಾಸನೆಯಲ್ಲೇ ಹೇಳುತ್ತಿದ್ದರು. ಆಮೇಲೆ ಎಲ್ಲರಿಗೂ ಒಂದೇ ಪ್ರಶ್ನೆ: “ಕೀ ತಿರುಗಿಸಿದ್ರಾ ಸಾರ್?”

ನೀರು ಹೊಕ್ಕ ಇಂಜಿನ್ನನ್ನು ಸ್ಟಾರ್ಟ್ ಮಾಡಿದರೆ ಒಳಗಿನ ಕನೆಕ್ಟಿಂಗ್ ರಾಡ್ ಬಾಗಿಹೋಗುತ್ತದೆ. ಜೆ.ಪಿ. ನಗರದ ನಮ್ಮ ಬೇಸ್‌ಮೆಂಟಿಗೆ ನೀರು ನುಗ್ಗಿದ ಮರುದಿನ ನನ್ನ ಕಾರನ್ನು ಎಳೆಸಿಕೊಂಡು ಹೋದಾಗ ನನ್ನನ್ನೂ ಅದನ್ನೇ ಕೇಳಿದರು.

“ಇಲ್ಲ, ಮುಟ್ಟೇ ಇಲ್ಲ” ಎಂದೆ. ನಿಜಕ್ಕೂ ಮೂರು ಸಲ ತಿರುಗಿಸಿದ್ದೆ.

ಅವರು ತಲೆಯಾಡಿಸಿದರು, ಅಷ್ಟೆ. ಇಂಜಿನ್ ಬಿಚ್ಚಿದರೆ ತಾನಾಗಿಯೇ ಗೊತ್ತಾಗುವುದನ್ನು ಈ ಮನುಷ್ಯ ಬಾಯಿಬಿಟ್ಟು ಯಾಕೆ ಕೇಳುತ್ತಾರೆ ಎಂಬುದು ನನ್ನ ತಲೆ ಕೊರೆಯುತ್ತಲೇ ಇತ್ತು.

ಕಾರು ರೆಡಿಯಾದದ್ದು ಆಯುಧಪೂಜೆಯ ದಿನ. ಸ್ಪ್ಯಾನರುಗಳನ್ನೆಲ್ಲ ತೊಳೆದು, ಕುಂಕುಮ ಇಟ್ಟು, ಹಲಗೆಯ ಮೇಲೆ ಜೋಡಿಸಿದ್ದರು. ನಡುವೆ ಬಾಗಿದ ರಾಡೊಂದಕ್ಕೆ ಸೇವಂತಿಗೆ ಹಾರ ಹಾಕಿದ್ದರು.

“ಇದು ಯಾರ ಗಾಡೀದು?” ಎಂದೆ, ನನ್ನದೇ ಇರಬೇಕೆಂಬ ಅಳುಕಿನಲ್ಲಿ.

“ನಂದೇ ಸಾರ್. ಹೋದ್ ವರ್ಷ ನಮ್ ವ್ಯಾನ್ ಮುಳುಗ್ತು. ಊರಿಗೆಲ್ಲಾ ಬುದ್ಧಿ ಹೇಳೋನು ನಾನು. ಕೈ ಕೇಳ್ಬೇಕಲ್ಲ, ತಿರುಗಿಸ್ಬಿಟ್ಟೆ. ಅದಕ್ಕೇ ಎಲ್ರನ್ನೂ ಕೇಳ್ತೀನಿ, ತಿರುಗಿಸ್ದೇ ಇರೋರು ಒಬ್ರಾದ್ರೂ ಇದಾರಾ ಅಂತ.”

“ನಾನೂ ತಿರುಗಿಸಿದ್ದೆ.”

“ಗೊತ್ತು ಸಾರ್.”

ನನ್ನ ಕಾರಿನ ಚಕ್ರಗಳಡಿ ನಿಂಬೆಹಣ್ಣು ಇಟ್ಟು ಪಕ್ಕಕ್ಕೆ ಸರಿದು ನಿಂತರು.

“ಈಗ ತಿರುಗ್ಸಿ.”