ಗಟ್ಟಿಯಾಗಿ ಓದುವ ಕೋಣೆ

ಕೆಳಗಿನ ಮನೆಯವರು ರಸಕ್ಕೆ ಬೆಳ್ಳುಳ್ಳಿ ಜಜ್ಜಿದರೆ ಸಾಕು, ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಕಿಟಕಿಗಳನ್ನೆಲ್ಲ ತೆರೆಯಲು ಓಡುತ್ತೇನೆ. "ವಾಸನೆ ಬರ್ತಿರೋದೇ ಕಿಟಕಿಯಿಂದ ಕಣ್ರೀ, ಬಾಗಿಲು ತೆಗೆದು ಬಾ ಬಾ ಅಂತ ಕರೀತಿದ್ದೀರಲ್ಲ" ಎಂದು ಹೆಂಡತಿ ನಗುತ್ತಾಳೆ. ಅವಳು ಹೇಳುವುದು ಸರಿ. ನನ್ನ ತಲೆಗೆ ಅದು ಗೊತ್ತು, ಕೈಕಾಲಿಗೆ ಗೊತ್ತಿಲ್ಲ. ಬ್ಯಾಂಕಿನಲ್ಲಿ ಕೂತು ಕಂಡವರ ಸಹಿಯನ್ನೆಲ್ಲ ಅನುಮಾನದಿಂದ ನೋಡಿ ನಿವೃತ್ತನಾದವನು ನಾನು. ದೆವ್ವ ಭೂತ ಎಂದರೆ ನಕ್ಕು ಸುಮ್ಮನಾಗುತ್ತಿದ್ದವನು. ಹೋದ ವರ್ಷದ ಬೇಸಿಗೆಯಲ್ಲಿ ಮೇಷ್ಟ್ರ ಮನೆಗೆ ಹೋಗದೆ ಇದ್ದಿದ್ದರೆ ಈಗಲೂ ನಗುತ್ತಿದ್ದೆನೋ ಏನೋ.

ಮೇಷ್ಟ್ರು ಎಂದರೆ ಈ ಚೆನ್ನೈನಲ್ಲಿ ನಮಗೆ ಕನ್ನಡ ಕಲಿಸಿದವರು. ತರಗತಿಯಲ್ಲಿ ಬೆಂಚುಗಳು ಹೆಚ್ಚು, ನಾವು ಕಡಿಮೆ. ಅವರು ಕವಿ, ಜೊತೆಗೆ ಕೀಲ್ಪಾಕಿನ ಮೊದಲ ಮಹಡಿಯ ಮನೆಯಿಂದ ಒಂದು ಸಾಹಿತ್ಯ ಪತ್ರಿಕೆಯನ್ನೂ ಹೊರಡಿಸುತ್ತಿದ್ದರು. ಮದುವೆಯಾಗಲಿಲ್ಲ. ವಿಮಾ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ತಂಗಿ ಗಿರಿಜಕ್ಕ ಜೊತೆಗಿದ್ದರು. ಪತ್ರಿಕೆಗೆ ಬಂದ ಪ್ರತಿ ಕವಿತೆಯನ್ನೂ ಮೇಷ್ಟ್ರು ಒಮ್ಮೆ ಗಟ್ಟಿಯಾಗಿ ಓದಲೇಬೇಕು. ಎಂಥ ಕೆಟ್ಟ ಕವಿತೆಯಾಗಲಿ, ಪೂರ್ತಿ ಓದಿ, ಸಣ್ಣಗೆ ಕೆಮ್ಮಿ, ಆಮೇಲೆ ಬೇಡದ ಕಟ್ಟಿಗೆ ಹಾಕುವರು. "ಒಂದು ಸಲವಾದರೂ ಯಾರದೋ ಬಾಯಲ್ಲಿ ಬಂದು ಹೋಗಲಿ ಪಾಪ" ಎನ್ನುವರು. ಹೊರಗೆ ಜಗಲಿಯಲ್ಲಿ ಕೂತ ನಮಗೆ ಆ ಕೆಮ್ಮು ಕೇಳಿದರೆ ಯಾರದೋ ಕಥೆ ಮುಗಿಯಿತು ಎಂದು ತಿಳಿಯುತ್ತಿತ್ತು. ಅಂಥದೊಂದು ಕೆಮ್ಮಿಗೆ ನನ್ನ ಕವಿತೆಯೂ ಬಲಿಯಾಗಿದೆ. ಅದರ ಹೆಸರು 'ಮರೀನಾ ತೀರದಲ್ಲಿ ವಿರಹ'. ಆಗ ನನಗೆ ವಿರಹವಿರಲಿ, ಮಾತಾಡಿಸುವ ಹುಡುಗಿಯೂ ಇರಲಿಲ್ಲ.

ಮೇಷ್ಟ್ರು ಹೋದ ಮೇಲೆ ಅವರ ಕಾಗದಪತ್ರಗಳನ್ನೆಲ್ಲ ಕರ್ನಾಟಕದ ಒಂದು ಗ್ರಂಥಾಲಯ ಕೇಳಿತು. ಹಸ್ತಪ್ರತಿ, ಕರಡು, ಪತ್ರಿಕೆಯ ಕಡತ, ಬೇಡದ ಕಟ್ಟು, ಎಲ್ಲವೂ ಬೇಕು. ಆದರೆ ಹುಳ ಬಿದ್ದಿರಬಾರದು ಎಂದರು. ಗಿರಿಜಕ್ಕನಿಗೆ ಹುಳದ ಚಿಂತೆ ಇರಲಿಲ್ಲ. ಅಣ್ಣ ಹಾಸಿಗೆ ಹಿಡಿದ ಮೇಲೆ ಬಂದ ಕವಿತೆಗಳು ಹಾಗೇ ಉಳಿದಿದ್ದವು. "ಓದದೆ ಒಂದನ್ನೂ ಕಟ್ಟಿಗೆ ಹಾಕಿದವನಲ್ಲ ಅವನು. ನಾವು ಓದಿ ಮುಗಿಸೋಣ, ಬಾರೋ" ಎಂದು ನನ್ನನ್ನು ಕರೆದರು. ನಾನು ಒಪ್ಪಿದ್ದು ಗುರುಭಕ್ತಿಯಿಂದ ಎಂದು ನೀವು ತಿಳಿದರೆ ನನಗೆ ಸಂತೋಷ. ನಿಜ ಹೇಳಬೇಕೆಂದರೆ, ನನ್ನ ವಿರಹ ಗ್ರಂಥಾಲಯ ಸೇರುವ ಮೊದಲು ಅದನ್ನು ಕಿಸೆಗೆ ಇಳಿಸಿಕೊಳ್ಳಬೇಕಿತ್ತು.

ಹುಳದ ಚಿಂತೆ ಹಚ್ಚಿಕೊಂಡವನು ಮಹಾದೇವ. ಮೇಷ್ಟ್ರ ಅಣ್ಣನ ಮಗ. ತಿಪಟೂರಿನಿಂದ ಬಂದ ಇವರ ಮನೆತನದ್ದು ತಲೆಮಾರುಗಳ ಬೇಳೆಕಾಳಿನ ಸಗಟು ಮಂಡಿ. ಕವಿತೆ ಅವನಿಗೆ ತಿಳಿಯದು. ಚಿಕ್ಕಪ್ಪನ ಮೇಲೆ ಪ್ರಾಣ.

ಅಂದು ಮಧ್ಯಾಹ್ನ ನಾನು ಹೋದಾಗ ಗಿರಿಜಕ್ಕ ಬೆಸೆಂಟ್ ನಗರದ ನಂಟರ ಮನೆಯಿಂದ ಆಗಷ್ಟೇ ಬಂದಿದ್ದರು. ಇನ್ನೂ ಕೆಲವು ದಿನ ಅಲ್ಲೇ ಇರಬೇಕಾದವರು, ಕವಿತೆ ಕಾಯುತ್ತಿವೆ ಎಂದು ಬೇಗ ಹೊರಟು ಬಂದಿದ್ದರು. ಮೇಷ್ಟ್ರ ಕೋಣೆಯ ಬಾಗಿಲಿನ ಸುತ್ತ ಅಗಲವಾದ ಕಂದು ಟೇಪು ಅಂಟಿಸಿತ್ತು.

"ನೋಡೋ ಮಹಾದೇವನ ಟೇಪಿನ ಹುಚ್ಚು" ಎಂದರು ಗಿರಿಜಕ್ಕ. "ಮಂಡೀಲಿ ಡಬ್ಬಕ್ಕೆ ಅಂಟಿಸ್ತಾನೆ, ಇಲ್ಲಿ ಬಾಗಿಲಿಗೆ. ನಾನು ಹೆಚ್ಚು ಹೊತ್ತು ಸುಮ್ಮನೆ ಕೂತರೆ ನನಗೂ ಸುತ್ತುತ್ತಾನೆ."

ಟೇಪು ಕಿತ್ತು ಒಳಗೆ ಹೋದೆವು. ಬೆಳ್ಳುಳ್ಳಿಯ ವಾಸನೆ. ಮೇಜಿನ ಮೇಲೆ, ತೆರೆದಿಟ್ಟ ಒಂದು ಹಾಳೆಯ ನಡುವೆ, ಹಲ್ಲಿಯೊಂದು ಅಂಗಾತ ಬಿದ್ದಿತ್ತು. "ಸೆಕೆಗೆ ಸತ್ತಿದೆ ಪಾಪ" ಎಂದು ಗಿರಿಜಕ್ಕ ಅದನ್ನು ರಟ್ಟಿನ ತುಂಡಿನಿಂದ ಎತ್ತಿ ಬುಟ್ಟಿಗೆ ಹಾಕಿದರು. ಕಿಟಕಿ ಮುಚ್ಚಿತ್ತು. ನಾನು ಏಸಿ ಹಾಕಿ ಬಾಗಿಲು ಎಳೆದುಕೊಂಡೆ. ಈ ನಾಲ್ಕೈದು ವಾಕ್ಯಗಳನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದ್ದೇನೆ ಎಂದು ಹೇಳಲಾರೆ. ಹಲ್ಲಿ ಪ್ರತಿ ಸಲವೂ ಅಲ್ಲೇ ಬಿದ್ದಿರುತ್ತದೆ, ನಾನು ಪ್ರತಿ ಸಲವೂ ಬಾಗಿಲು ಎಳೆದುಕೊಳ್ಳುತ್ತೇನೆ.

ಗಿರಿಜಕ್ಕ ಅಣ್ಣನ ಕುರ್ಚಿಯಲ್ಲಿ ಕೂತು ಓದತೊಡಗಿದರು. ನಾನು ಮೂಲೆಯ ಬೀರುವಿನ ಮುಂದೆ ಕುಕ್ಕರಗಾಲಲ್ಲಿ ಕೂತು ಹಳೆಯ ಕಟ್ಟುಗಳಲ್ಲಿ ನನ್ನ ಅಪರಾಧವನ್ನು ಹುಡುಕುತ್ತಿದ್ದೆ. ಸ್ವಲ್ಪ ಹೊತ್ತಿಗೆ ತಲೆ ಸಿಡಿಯಲು ಶುರುವಾಯಿತು. ಅಕ್ಷರಗಳು ಹಾಳೆಯಿಂದ ತುಸು ಮೇಲೆದ್ದು ನಿಂತ ಹಾಗೆ ಕಂಡವು. ಹಳೆ ಧೂಳು, ನನ್ನ ಹಳೆ ಕಣ್ಣು ಎಂದುಕೊಂಡೆ.

"ಅಣ್ಣನಿಗೆ ಬೆಳ್ಳುಳ್ಳಿ ಚಟ್ನಿಪುಡಿ ಅಂದ್ರೆ ಆಸೆ, ಅಲ್ವೇನೋ?" ಎಂದರು ಗಿರಿಜಕ್ಕ ಇದ್ದಕ್ಕಿದ್ದಂತೆ. "ವಾಸನೆ ಬರ್ತಿದೆ ನೋಡು."

ಮತ್ತೆ ಓದಿದರು. ಧ್ವನಿ ತಗ್ಗಿತ್ತು. ಇನ್ನೊಂದು ಕವಿತೆಗೆ ಇನ್ನೂ ತಗ್ಗಿತು. ಸಾಲಿನ ಕೊನೆಗೆ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲದೆ, ಒಂದು ಪದ ಮುಂದೆ ಹೋಗಿ ನಿಲ್ಲುವುದು ಮೇಷ್ಟ್ರ ರೂಢಿ. ಹಾಗೇ ನಿಂತಿತು. ಕವಿತೆ ಮುಗಿಯಿತು. ಆಮೇಲೆ, ಸಣ್ಣಗೆ, ಆ ಕೆಮ್ಮು.

ತಿರುಗಿ ನೋಡಲು ಧೈರ್ಯ ಬರಲಿಲ್ಲ. ಜಗಲಿಯಲ್ಲಿ ಕೂತ ವಿದ್ಯಾರ್ಥಿಯ ಹಾಗೆ ಕಿವಿಗೊಟ್ಟು ಕೂತುಬಿಟ್ಟೆ.

"ಬಾ, ಕೂತ್ಕೋ" ಎಂದರು ಗಿರಿಜಕ್ಕ. ನನಗಲ್ಲ. ಬಾಗಿಲ ಕಡೆಗೆ.

ಆಗಲೇ ನನ್ನ ಫೋನು ಹೊಡೆದುಕೊಂಡಿತು. ಮಹಾದೇವ. "ಸಾರ್, ಈ ವಾರ ಬರೋಕೆ ಹೋಗಬೇಡಿ. ಅತ್ತೆ ಮನೇಲಿಲ್ಲ ಅಂತ ಚಿಕ್ಕಪ್ಪನ ಕೋಣೇಲಿ ಮಂಡೀಲಿ ಕಾಳಿಗಿಡೋ ಮಾತ್ರೆ ಇಟ್ಟು ಸೀಲ್ ಮಾಡಿದ್ದೀನಿ. ಹುಳಕ್ಕೆ. ನಾನೇ ಬಂದು ತೆಗೀತೀನಿ."

"ನಾವು ಕೋಣೇಲೇ ಇದ್ದೀವಲ್ಲ ಮಹಾದೇವ" ಎಂದೆ. ನನ್ನ ನಾಲಿಗೆ ದಪ್ಪವಾಗಿತ್ತು.

ಅವನು ಕನ್ನಡ ಬಿಟ್ಟು ತಮಿಳಿನಲ್ಲಿ ಕಿರುಚಿದ: "ವೆಳಿಯೆ ವಾಂಗ ಸಾರ್! ವೆಳಿಯೆ! ಹೊರಗೆ! ಬೆಳ್ಳುಳ್ಳಿ ವಾಸನೆ ಬರ್ತಿರೋದು ವಿಷದ ಗಾಳಿ ಸಾರ್!"

ಎದ್ದೆ. ನೆಲ ಓರೆಯಾಯಿತು. ಗಿರಿಜಕ್ಕನ ತುಟಿ ನೀಲಿಗಟ್ಟಿತ್ತು, ಕಣ್ಣು ಮಾತ್ರ ಹೊಳೆಯುತ್ತಿತ್ತು. ತೋಳು ಹಿಡಿದು ಎಳೆದರೆ ಕುರ್ಚಿಯ ಕೈ ಬಿಡಲೊಲ್ಲರು.

"ಇರೋ, ಅವನು ಓದ್ತಾ ಇದಾನೆ. ಮುಗೀಲಿ."

"ಗಿರಿಜಕ್ಕ, ಏಳಿ!"

"ಅರ್ಧಕ್ಕೆ ಎದ್ದು ಹೋಗೋದು ಎಂಥ ಮರ್ಯಾದೆಯೋ?"

ಕೊನೆಗೆ ಕುರ್ಚಿಯ ಸಮೇತ ಎಳೆದೆ. ಬಾಗಿಲಲ್ಲಿ ಕುರ್ಚಿ ಸಿಕ್ಕಿಕೊಂಡಿತು, ಅವರು ನನ್ನ ಮೇಲೆ ಬಿದ್ದರು, ಇಬ್ಬರೂ ಮೆಟ್ಟಿಲಿನ ಬಳಿ ಉರುಳಿದೆವು. ನನಗೆ ವಾಂತಿ ನಿಲ್ಲಲಿಲ್ಲ. ಅವರಿಗೆ ಪ್ರಜ್ಞೆ ಇರಲಿಲ್ಲ. ಅಕ್ಕಪಕ್ಕದವರು ಓಡಿ ಬಂದರು. ಆಸ್ಪತ್ರೆ ಹತ್ತಿರವೇ ಇದ್ದದ್ದು ಪುಣ್ಯ.

"ಇದಕ್ಕೆ ಮದ್ದು ಅಂತ ಇಲ್ಲ. ಹೃದಯ ತಡೆದುಕೊಂಡರೆ ಉಳಿಯುತ್ತಾರೆ" ಎಂದರು ವೈದ್ಯರು. ನಾನು ಬೇಗ ಚೇತರಿಸಿಕೊಂಡೆ. ಗಿರಿಜಕ್ಕನದು ಏನೂ ಹೇಳುವಂತಿರಲಿಲ್ಲ. ಮಹಾದೇವ ಹಣೆಯ ವಿಭೂತಿ ಬೆವರಿಗೆ ಅಳಿಸಿಹೋಗಿ ಮೊಗಸಾಲೆಯಲ್ಲಿ ಕೂತಿದ್ದ.

"ತೊಗರಿಬೇಳೆಗೆ ಇಡ್ತೀವಿ ಸಾರ್, ಒಂದು ಕಾಳಿಗೂ ಹುಳ ಬೀಳಲ್ಲ. ಚಿಕ್ಕಪ್ಪನ ಹಾಳೆ ಬೇಳೆಗಿಂತ ಕಡಿಮೇನಾ ಅಂತ ಜಾಸ್ತೀನೇ ಇಟ್ಟೆ." ಇಷ್ಟು ಹೇಳಿ ಅತ್ತ. ಅವನನ್ನು ಬೈಯಬೇಕೆಂದು ಬಂದವನು ಪಕ್ಕದಲ್ಲಿ ಕೂತೆ. ಕಣ್ಣೊರೆಸಿಕೊಂಡು ಕೇಳಿದ: "ಸಾರ್, ನಾನು ಫೋನ್ ಮಾಡ್ದಾಗ ನಿಮ್ಮ ಹಿಂದೆ ಓದ್ತಿದ್ದೋರು ಯಾರು?"

"ನಿಮ್ಮ ಅತ್ತೆ."

"ಅತ್ತೆ ಧ್ವನಿ ನನಗೆ ಗೊತ್ತಿಲ್ವಾ ಸಾರ್" ಎಂದ.

ವಿಷಗಾಳಿ ಗಂಟಲನ್ನೂ ಕೆಡಿಸುತ್ತದೆ, ಮಿದುಳನ್ನೂ ಕೆಡಿಸುತ್ತದೆ. ವೈದ್ಯರು ಹೇಳಿದ್ದನ್ನೇ ನಾನು ಅವನಿಗೆ ಹೇಳಿದೆ. ಫೋನಿನ ಆ ತುದಿಯಲ್ಲಿ, ಮಂಡಿಯ ಗದ್ದಿಗೆಯ ಮೇಲೆ ಕೂತವನ ಮಿದುಳು ಹೇಗೆ ಕೆಟ್ಟಿತು ಎಂದು ಅವನು ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಗಿರಿಜಕ್ಕನ ಹೃದಯ ತಡೆದುಕೊಂಡಿತು. ಕಣ್ಣು ಬಿಟ್ಟವರು ಮೊದಲು ನನ್ನನ್ನೇ ಗದರಿದರು: "ಕೊನೇ ಎರಡು ಸಾಲು ಇತ್ತು ಕಣೋ. ಕತ್ತೆ ಹಾಗೆ ಎಳೆದ್ಬಿಟ್ಟೆ."

ಈಗ ಆ ಕೋಣೆಯ ಕಿಟಕಿಗಳಿಗೆ ಬಾಗಿಲೇ ಇಲ್ಲ, ಮಹಾದೇವ ಕಳಚಿಸಿಬಿಟ್ಟಿದ್ದಾನೆ. ಓದದೆ ಉಳಿದ ಕವಿತೆಗಳನ್ನು ಮುಗಿಸದೆ ಗ್ರಂಥಾಲಯಕ್ಕೆ ಒಂದು ಹಾಳೆಯನ್ನೂ ಕೊಡುವುದಿಲ್ಲ ಎಂದು ಗಿರಿಜಕ್ಕ ಹಟ ಹಿಡಿದಿದ್ದಾರೆ. ಸಂಜೆ ನಾವಿಬ್ಬರೂ ತಾರಸಿಯ ಮೇಲೆ, ಬಯಲಿನಲ್ಲಿ ಕೂರುತ್ತೇವೆ. ನನ್ನ ವಿರಹವನ್ನು ಹುಡುಕುವುದು ಬಿಟ್ಟಿದ್ದೇನೆ, ಹೋಗಿ ಗ್ರಂಥಾಲಯ ಸೇರಲಿ. ಅವರು ಓದುವಾಗ ನಾನು ಅವರ ತುಟಿಯ ಬಣ್ಣ ನೋಡುತ್ತಿರುತ್ತೇನೆ.

ನಿನ್ನೆಯೂ ಹಾಗೇ. ಓದುತ್ತಾ ಓದುತ್ತಾ, ಒಂದು ಸಾಲಿನ ನಡುವೆ ಧ್ವನಿ ನಿಂತಿತು. ನಾನು ಎದ್ದು ಅವರ ತೋಳು ಹಿಡಿದುಬಿಟ್ಟಿದ್ದೆ.

ಗಿರಿಜಕ್ಕ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಹಾಳೆ ತಿರುಗಿಸಿ ತೋರಿಸಿದರು. ಹಿಂಭಾಗ ಖಾಲಿ.

"ಏನೂ ಆಗಿಲ್ಲ ಕೂತ್ಕೋಳೋ. ಕವಿ ಅಷ್ಟೇ ಬರೆದಿರೋದು."