ರ‍್ಯಾಪ್ ಮತ್ತು ನನ್ನ ಒಡಪು

ಪೆರಂಬೂರಿನ ನಮ್ಮ ಮನೆಗೆ ರ‍್ಯಾಪ್ ಕಾಟ ಶುರುವಾದದ್ದು ಮಗಳು ಕಾಲೇಜು ಸೇರಿದ ಮೇಲೆ. ಸಿನಿಮಾದಲ್ಲಿ ಅದೇ, ಸೀರೆ ಅಂಗಡಿಯ ಜಾಹೀರಾತಿನಲ್ಲಿ ಅದೇ, ಕೊನೆಗೆ ಓಟು ಕೇಳಲು ಬರುವ ಆಟೋದಲ್ಲೂ ಅದೇ. ನನಗೋ ಮೈಯೆಲ್ಲ ಉರಿಯುತ್ತಿತ್ತು. "ಇದೂ ಒಂದು ಹಾಡೇನ? ನಳದ ಮುಂದ ಕೊಡ ಹಿಡಕೊಂಡು ಜಗಳಾಡಿದಂಗ ಐತಿ!" ಎಂದು ಬೈದರೆ ಅವಳು ನಗುತ್ತಿದ್ದಳು. "ಜಗಳಾನ ಅಮ್ಮಾ. ನಮ್ಮನ್ನ ಮಾತಾಡಾಕ ಯಾರೂ ಬಿಡಂಗಿಲ್ಲ, ಅದಕ್ಕ ದಾನ್." ಅವಳ ಮಾತಿನಲ್ಲಿ ಹೀಗೆ ನಡುನಡುವೆ ತಮಿಳು ನುಸುಳುತ್ತಿತ್ತು.

ನಾನು ಹುಬ್ಬಳ್ಳಿ ಕಡೆಯವಳು, ರೈಲ್ವೆಯಲ್ಲಿದ್ದ ಗಂಡನ ಹಿಂದೆ ಈ ತಮಿಳು ಸೀಮೆಗೆ ಬಂದವಳು. ನಮ್ಮಲ್ಲಿ ಮದುವೆಯಿರಲಿ, ಸೀಮಂತವಿರಲಿ, ಹೆಂಗಸರು ಒಡಪು ಹೇಳಬೇಕು. ಪ್ರಾಸ ಕೂಡಿಸಿ ಅದರೊಳಗೆ ಗಂಡನ ಹೆಸರು ಸೇರಿಸಬೇಕು. ಜಂಬವಲ್ಲ, ನಿಂತ ನಿಲುವಿನಲ್ಲೇ ಒಡಪು ಕಟ್ಟುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ನಮ್ಮವರು ತೀರಿಕೊಂಡ ಮೇಲೆ ಅದೂ ನಿಂತಿತು. ವಿಧವೆಯನ್ನು ಯಾರೂ ಒಡಪು ಕೇಳುವುದಿಲ್ಲ. ಅವರ ಹೆಸರನ್ನು ಬಾಯಿತುಂಬ ಹೇಳಲು ನನಗಿದ್ದದ್ದು ಅದೊಂದೇ ಜಾಗ. ಬೇರೆಯವರು ಹೇಳುವಾಗ ನಾನು ಅಡುಗೆಮನೆ ಸೇರಿಬಿಡುತ್ತಿದ್ದೆ.

ಮಗಳು ಜೊತೆಗೆ ಓದಿದ ತಮಿಳು ಹುಡುಗನನ್ನೇ ಮದುವೆಯಾದಳು. ಜೋಡಿ ಮನೆಗೆ ಬಂದಾಗ ಹುಬ್ಬಳ್ಳಿಯಿಂದ ಬಂದಿದ್ದ ನನ್ನ ನಾದಿನಿಯರು ಬಾಗಿಲು ಅಡ್ಡಗಟ್ಟಿದರು. "ಗಂಡನ ಹೆಸರು ಹೇಳಿ ಒಳಗ ಬಾ ನಮ್ಮವ್ವಾ!" ನಾನು ಅವರ ಬೆನ್ನ ಹಿಂದೆ ನಿಂತಿದ್ದೆ. ನಾನು ಕಲಿಸಿಕೊಟ್ಟ ಒಡಪು ಹುಡುಗಿಗೆ ಮರೆತೇಹೋಗಿತ್ತು. ಅವಳೇನೂ ಅಂಜಲಿಲ್ಲ. ಅಳಿಯನಿಗೆ ಸನ್ನೆ ಮಾಡಿದಳು, ಅವನು ಬಾಗಿಲ ಚೌಕಟ್ಟು ಬಡಿಯತೊಡಗಿದ, ಇವಳು ತನ್ನ ರ‍್ಯಾಪ್ ಶುರು ಹಚ್ಚಿಕೊಂಡಳು:

"ಪೆರಂಬೂರು ನಮ್ಮೂರು, ಬಾಗ್ಲಾ ತಡಿಯಾಕ ನೀವ್ಯಾರು? ಪಸಿಕ್ಕುದು ಅತ್ತೀ, ಎಲ್ಲೈತಿ ಅನ್ನ ಸಾರು?"

ಹಸಿವಿನಿಂದ ಹಿಡಿದು ಅಳಿಯನ ಹಳೇ ಬೈಕಿನವರೆಗೆ ಎಲ್ಲವನ್ನೂ ಪ್ರಾಸಕ್ಕೆ ತಂದು, ಅವನ ಹೆಸರು ಹಾಕಿ ನಿಲ್ಲಿಸಿದಳು. ನಾದಿನಿಯರು ಬಿದ್ದೂ ಬಿದ್ದೂ ನಕ್ಕರು. "ಅಯ್ಯ, ಇದು ಒಡಪು ಅಲ್ಲೇನ!" ಎಂದಳು ಹಿರಿಯ ನಾದಿನಿ. ಹೌದಲ್ಲ ಎನ್ನಿಸಿತು ನನಗೂ. ವೀಣೆ ಬೇಡ, ಗುರು ಬೇಡ, ಇಂಪಾದ ಕಂಠವೂ ಬೇಡ. ಹೇಳುವುದೊಂದು ಇದ್ದು, ಹೇಳುವ ಗಟ್ಟಿತನ ಇದ್ದರೆ ಆಯಿತು. ಲೋಕವೆಲ್ಲ ಅದಕ್ಕೇ ಈ ರ‍್ಯಾಪನ್ನು ಹಿಡಿದುಕೊಂಡಿದೆಯೋ ಏನೋ.

ಆಮೇಲೆ ಹೆಂಗಸರೆಲ್ಲ ಹುರುಪಿನಿಂದ ಒಬ್ಬೊಬ್ಬರಾಗಿ ತಮ್ಮ ಒಡಪು ಹೇಳಿದರು. ಸರದಿ ನನ್ನ ಬಳಿ ಬರುವ ಮೊದಲೇ ನಾನು ಎಲೆ ಹಾಕುವ ನೆಪದಲ್ಲಿ ಒಳಗೆ ಹೊರಟೆ. ಇಲ್ಲೇ ಬೆಳೆದ ಮಗಳಿಗೆ ನಮ್ಮ ಶಾಸ್ತ್ರ ಎಲ್ಲಿ ಗೊತ್ತು?

"ಅಮ್ಮಾ, ಎಂಗೆ ಪೋರೆ? ಎಲ್ಲಿ ಹೊಂಟಿ? ನೀನೂ ಅಪ್ಪನ ಹೆಸರು ಹೇಳು" ಎಂದುಬಿಟ್ಟಳು.

ಹಿರಿಯ ನಾದಿನಿ ಅವಳ ಕೈ ಚಿವುಟಿ, "ಹಂಗ ಕೇಳಬಾರದವ್ವಾ" ಎಂದು ಪಿಸುಗುಟ್ಟಿದಳು.

"ಯಾಕ? ಅಪ್ಪಾಗ ಹೆಸರಿಲ್ಲೇನ?"

ಏನೂ ತಿಳಿಯದ ಅಳಿಯ, ಪಾಪ, ಮತ್ತೆ ಚೌಕಟ್ಟು ಬಡಿಯತೊಡಗಿದ. ನಾನು ತಿರುಗಿ ನಿಂತೆ. ಮೊದಲ ಸಾಲಿನಲ್ಲಿ ಧ್ವನಿ ನಡುಗಿತು. ಹೆಸರಿನ ಹತ್ತಿರ ಬರುವಷ್ಟರಲ್ಲಿ ಗಟ್ಟಿಯಾಗಿತ್ತು.

ಅತ್ತವಳು ಹಿರಿಯ ನಾದಿನಿ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಅಂದಳು: "ಇನ್ನೊಮ್ಮೆ ಹೇಳ್ರಿ ವೈನಿ. ನಮ್ಮಣ್ಣನ ಹೆಸರು ಕೇಳಿ ಭಾಳ ದಿನಾತು."