ಅಜ್ಜನಿಗೆ ಹೇಳಿಕೊಂಡ ಬಾಟ್ಲಿ

ಕಾಣಿಯೂರಿನ ಕಮಲಾವತಿಗೆ ಗಂಡನ ಕುಡಿತ ಬಿಡಿಸಲು ಸಲಹೆ ಕೊಡದವರು ಊರಲ್ಲಿ ಯಾರೂ ಉಳಿದಿರಲಿಲ್ಲ. ಕಾಫಿಗೆ ಕಲಸುವ ಪುಡಿಯನ್ನು ಆಲಂಕಾರಿನಿಂದ ತರಿಸಿದ್ದಾಯಿತು. ಅದನ್ನು ತಪ್ಪಿ ಅತ್ತೆ ಕುಡಿದು ಮೂರು ದಿನ ವಾಂತಿ ಮಾಡಿದ್ದೂ ಆಯಿತು. ಗಂಡನನ್ನು ಎಂಟು ದಿನದ ಮದ್ಯವರ್ಜನ ಶಿಬಿರಕ್ಕೆ ಎರಡು ಸಲ ಕಳಿಸಿದಳು. ಎರಡು ಸಲವೂ ತೀರ್ಥರಾಮ ಹಾರ ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು ಬಂದ. ಎರಡನೆಯ ಸಲ ಆ ಹಾರ ಬಾಡುವವರೆಗೂ ಕುಡಿಯದೆ ತಾಳಲಿಲ್ಲ.

ಕೊನೆಗೆ ಪುತ್ತೂರಿನ ಆಸ್ಪತ್ರೆಯ ನರ್ಸ್ ಒಬ್ಬಳು ಚೀಟಿಯ ಹಿಂದೆ ಒಂದು ನಂಬರ್ ಬರೆದುಕೊಟ್ಟಳು. ಕುಡಿತ ಬಿಟ್ಟವರು ಭಾನುವಾರ ನಾಲ್ಕು ಗಂಟೆಗೆ ಒಂದು ಶಾಲೆಯ ಕೊಠಡಿಯಲ್ಲಿ ಸೇರುತ್ತಾರಂತೆ, ಮನೆಯವರೂ ಬರಬಹುದಂತೆ. ಗುಟ್ಟು ಕಾಯುವ ಸಭೆಯಾದ್ದರಿಂದ ಬೋರ್ಡ್ ಇಲ್ಲ. ದಾರಿಯಲ್ಲಿ ಯಾರನ್ನು ಏನೆಂದು ಕೇಳುವುದು? ಮೊದಲ ಭಾನುವಾರ ಅವಳು ಗಂಡನನ್ನು ಕಟ್ಟಿಕೊಂಡು ಒಂದೂವರೆ ಗಂಟೆ ಸುತ್ತಿ, ಯಾರದೋ ಸೀಮಂತದ ಚಪ್ಪರದೊಳಗೆ ಹೊಕ್ಕು, ಪಾಯಸ ಕುಡಿದು ವಾಪಸು ಬಂದಳು.

ಎರಡನೆಯ ವಾರ ಕೊಠಡಿ ಸಿಕ್ಕಿತು. ಆದರೆ ತೀರ್ಥರಾಮ ಗೇಟಿನಲ್ಲೇ ನಿಂತ. ಗುರುತಿನವರು ಯಾರಾದರೂ ನೋಡಿದರೆ ಮಾನ ಹೋಗುತ್ತದೆ ಎಂದ.

"ಕುಂಬ್ರದ ಜಂಕ್ಷನ್ನಲ್ಲಿ ನೀವು ಬಿದ್ದದ್ದನ್ನು ಊರಿಡೀ ನೋಡಿ ಆಗಿದೆ," ಎಂದಳು ಕಮಲಾವತಿ. "ಎದ್ದು ಕೂತದ್ದನ್ನು ನೋಡಿದ್ರೆ ಮಾತ್ರ ಮಾನ ಹೋಗುದಾ?"

ಆಮೇಲೆ ಒಂದು ಭಾನುವಾರವೂ ತಪ್ಪಲಿಲ್ಲ. ಒಳಗೆ ಹತ್ತು ಕುರ್ಚಿ, ಸ್ಟೀಲ್ ಲೋಟದಲ್ಲಿ ಚಹಾ. ಪ್ರತಿಯೊಬ್ಬರೂ ಹೆಸರು ಹೇಳಿ ತಮ್ಮ ಕಥೆ ಹೇಳಬೇಕು. ತೀರ್ಥರಾಮ ಮಾತ್ರ ಪ್ರತಿ ಸಲ ಎದ್ದು, "ನಾನು ತೀರ್ಥರಾಮ. ಹೇಳ್ಲಿಕ್ಕೆ ಎಂತ ಇಲ್ಲ," ಎಂದು ಕೂರುವನು. ಹದಿನೈದು ವರ್ಷ ಕುಡಿದವನಿಗೆ ಹೇಳಲಿಕ್ಕೆ ಏನೂ ಇಲ್ಲವಂತೆ! ಕಮಲಾವತಿ ಹಲ್ಲು ಕಚ್ಚಿಕೊಳ್ಳುವಳು. ಆದರೂ ಅವನು ಶರಾಬು ಮುಟ್ಟಲಿಲ್ಲ. ತೊಂಬತ್ತು ದಿನ ದಾಟಿದವರಿಗೆ ಅಲ್ಲಿ ಒಂದು ಸಣ್ಣ ಪದಕ ಕೊಡುತ್ತಾರೆ. ಬರುವ ಭಾನುವಾರ ಅವನ ಸರದಿ.

ಆ ವಾರದ ಗುರುವಾರ ಅತ್ತೆ ದೇವಮ್ಮ ಬಾಯಿಬಿಟ್ಟರು. ಮಗ ಮೂರು ತಿಂಗಳು ಕುಡಿಯದಿದ್ದರೆ ದೈವ ಕೊರಗಜ್ಜನ ಕಟ್ಟೆಗೆ ವಾಡಿಕೆಯಂತೆ ಚಕ್ಕುಲಿ, ಬೀಡ, ಒಂದು ಬಾಟ್ಲಿ ಶರಾಬು ಕೊಡುವುದಾಗಿ ಹರಕೆ ಹೇಳಿಕೊಂಡಿದ್ದರಂತೆ. ಅಮಾವಾಸ್ಯೆಯ ಲೆಕ್ಕದಲ್ಲಿ ಶನಿವಾರಕ್ಕೆ ಮೂರು ತಿಂಗಳು. ಅದೂ ಮಗನ ಕೈಯಲ್ಲೇ ತರಿಸಬೇಕೆಂದು ಅವರಿಗೆ ಆಸೆ.

ಕಮಲಾವತಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಕುಡಿತ ಬಿಟ್ಟದ್ದಕ್ಕೆ ಬಾಟ್ಲಿ! ತಿರುಗಿ ನೋಡುವಾಗ ತೀರ್ಥರಾಮ ಆಗಲೇ ಅಂಗಿಯ ಗುಂಡಿ ಹಾಕುತ್ತಿದ್ದ.

"ನಾನೇ ತರ್ತೇನೆ. ಹರಕೆ ಬಾಕಿ ಇಡ್ಬಾರ್ದು," ಎಂದ. ತೋಟದ ಬೇಲಿ ಕಟ್ಟೆಂದರೆ ಎರಡು ವಾರ ತೆಗೆದುಕೊಳ್ಳುವ ಮನುಷ್ಯ.

ಅವಳು ಅವನ ಚಪ್ಪಲಿಯನ್ನೇ ಎತ್ತಿಕೊಂಡು ಒಳಗೆ ಹೋಗಿ ಅಚ್ಚುತಣ್ಣನಿಗೆ ಫೋನ್ ಮಾಡಿದಳು. ಬಸ್ ಕಂಡಕ್ಟರ್ ಆಗಿ ನಿವೃತ್ತರಾದ ಅಚ್ಚುತಣ್ಣ ಕುಡಿತ ಬಿಟ್ಟು ಹನ್ನೊಂದು ವರ್ಷವಾಗಿದೆ. ಸಭೆ ನಡೆಸುವವರು ಅವರೇ.

"ಬಾಟ್ಲಿ ಅವನ ಕೈಗೆ ಕೊಡ್ಬೇಡಿ ಅಕ್ಕ," ಎಂದರು ಅವರು. "ತಡ ಆದ್ರೆ ಅಜ್ಜ ಕಾಯ್ತಾರೆ. ಅವನಿಗೆ ಕಾಯ್ಲಿಕ್ಕೆ ಆಗುದಿಲ್ಲ."

ಕಮಲಾವತಿ ಅತ್ತೆಯ ಎದುರು ನಿಂತಳು. "ಹರಕೆ ಹೇಳಿದ್ದು ನೀವು. ತರುದೂ ನೀವೇ."

ಶನಿವಾರ ಬೆಳಿಗ್ಗೆ ಮೂಸಕುಂಞಿಯ ರಿಕ್ಷಾದಲ್ಲಿ ಅತ್ತೆ ಸೊಸೆ ಪೇಟೆಗೆ ಹೊರಟರು. ವೈನ್‌ಶಾಪಿನ ಎದುರು ನಿಲ್ಲಿಸಲು ಹೇಳಿದಾಗ ಮೂಸಕುಂಞಿ ಪೂರ್ತಿ ಹಿಂದೆ ತಿರುಗಿ ನೋಡಿದ. "ಆಸ್ಪತ್ರೆ ಇನ್ನೂ ಮುಂದೆ ಉಂಟು ಕಮಲಕ್ಕ," ಎಂದ. ಅವಳು ಇಳಿದೇಬಿಟ್ಟಳು.

ಎಪ್ಪತ್ತನಾಲ್ಕರ ದೇವಮ್ಮ ಕೋಲೂರಿಕೊಂಡು ಸಾಲಿನಲ್ಲಿ ನಿಂತರು. ಗಂಡಸರು ನೆಲ ನೋಡುತ್ತಾ ಜಾಗ ಬಿಟ್ಟರು. ಸರಳಿನ ಆಚೆಗಿದ್ದವನು ಯಾವುದು ಬೇಕೆಂದು ಕೇಳಿದ. ಅವರಿಗೆ ಒಂದರ ಹೆಸರೂ ಗೊತ್ತಿಲ್ಲ.

"ನನ್ನ ಮಗ ಕುಡಿಯುವಂಥದ್ದು. ತೀರ್ಥರಾಮ ಅಂತ."

ಸಾಲಿನಲ್ಲಿದ್ದ ಮೂವರು ಒಟ್ಟಿಗೆ ಅದರ ಹೆಸರು ಹೇಳಿದರು. ಒಬ್ಬ, ಅರ್ಧದ್ದು ಸಾಕಾಗುದಿಲ್ಲ ಅಜ್ಜಿ, ಅವನು ಪೂರ್ತಿಯದ್ದೇ ತಕೊಳ್ಳುದು ಎಂದೂ ತಿಳಿಸಿದ. ಹೆತ್ತ ತಾಯಿಗೆ ಗೊತ್ತಿಲ್ಲದ್ದು ಆ ಸಾಲಿಗೆಲ್ಲ ಗೊತ್ತಿತ್ತು. ಬರುವಾಗ ದೇವಮ್ಮ ರಿಕ್ಷಾದಲ್ಲಿ ಬಾಟ್ಲಿಯನ್ನು ಸೆರಗಿನೊಳಗೆ ಅವುಚಿಕೊಂಡೇ ಕೂತಿದ್ದರು. ನೇರ ಕಟ್ಟೆಗೆ ಹೋಗಿ ತಾವೇ ಒಪ್ಪಿಸಿದರು. ಅಲ್ಲಿಗೆ ಬಂದ ತೀರ್ಥರಾಮನಿಗೆ ಪ್ರಸಾದವಾಗಿ ಸಿಕ್ಕಿದ್ದು ಚಕ್ಕುಲಿ ಮಾತ್ರ.

ಭಾನುವಾರ ಪದಕ ಕೈಗೆ ಬಂದ ಮೇಲೂ ಅವನು ಕೂರಲಿಲ್ಲ. ಕಮಲಾವತಿ ಚಹಾದ ಲೋಟ ಕೆಳಗಿಟ್ಟಳು.

"ನಾನು ತೀರ್ಥರಾಮ," ಎಂದ. "ಗುರುವಾರ ನಾನು ಅಂಗಿ ಹಾಕಿದ್ದು ಹರಕೆಗೆ ಅಲ್ಲ. ನಾನು ತಂದಿದ್ರೆ ಆ ಬಾಟ್ಲಿ ಅಜ್ಜನವರೆಗೆ ಮುಟ್ತಿರ್ಲಿಲ್ಲ."

ಹದಿನೈದು ವರ್ಷದಲ್ಲಿ ಅವನು ಹೇಳಿದ ಮೊದಲ ನಿಜ ಎಂದು ಅವಳಿಗನಿಸಿತು. ಅದನ್ನು ಮನೆಯಲ್ಲೇ ಹೇಳಬಹುದಿತ್ತು, ಬಸ್ ಚಾರ್ಜಾದರೂ ಉಳಿಯುತ್ತಿತ್ತು ಎಂದೂ ಅನಿಸಿತು. ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮನೆಗೆ ಬಂದರೆ ದೇವಮ್ಮ ಜಗಲಿಯಲ್ಲಿ ಕಾಯುತ್ತಿದ್ದರು. ಮಗ ಒಂದು ವರ್ಷ ಪೂರೈಸಿದರೆ ಇನ್ನೊಂದು ಹರಕೆ ಹೇಳಿಕೊಂಡಿದ್ದಾರಂತೆ. ಕಮಲಾವತಿಯ ಮುಖ ನೋಡಿ ಕೂಡಲೇ, "ಬಾಟ್ಲಿ ಅಲ್ಲ ಮಾರಾಯ್ತಿ, ಬರೀ ಚಕ್ಕುಲಿ. ನೂರ ಒಂದು," ಎಂದರು. "ಆ ಸಾಲಲ್ಲಿ ಇನ್ನೊಮ್ಮೆ ನಿಲ್ಲಲಿಕ್ಕೆ ನನ್ನಿಂದ ಆಗುದಿಲ್ಲ."

ನೂರ ಒಂದು ಚಕ್ಕುಲಿ ಕರಿಯುವವರು ಯಾರೆಂದು ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.